ಹೊಗಳದ ಮುನ್ನುಡಿ

ಹೊಸ ಲೇಖಕರು ಹಸ್ತಪ್ರತಿ ಹಿಡಿದು ಹಿರಿಯರ ಬಳಿ ಹೋಗುವುದು ಹೆಚ್ಚಾಗಿ ಬೆನ್ನು ತಟ್ಟಿಸಿಕೊಳ್ಳಲಿಕ್ಕೆ. ಹಿರಿಯರೂ ನಾಲ್ಕು ಒಳ್ಳೆಯ ಮಾತು ಬರೆದು ಕಳಿಸುತ್ತಾರೆ. ಪೂರ್ತಿ ಓದದೆ ಅಂಥ ಮುನ್ನುಡಿಯನ್ನು ನಾನೂ ಬರೆದಿದ್ದೇನೆ. ಆಗೆಲ್ಲ ಗಾಲಿಬ್ ನೆನಪಾಗಿ ನಾಚಿಕೆಯಾಗುತ್ತದೆ.

ಉರ್ದು, ಫಾರ್ಸಿಯಲ್ಲಿ ಇಂಥ ಪ್ರಶಂಸೆಯ ಬರಹಕ್ಕೆ ‘ತಕ್ರೀಝ್’ ಎನ್ನುತ್ತಾರೆ. ಅಕ್ಬರನ ಆಡಳಿತವನ್ನು ವಿವರಿಸುವ ಅಬುಲ್ ಫಝಲನ ‘ಆಯಿನೆ ಅಕ್ಬರಿ’ಯನ್ನು ಸಯ್ಯದ್ ಅಹ್ಮದ್ ಖಾನ್ ಬಹಳ ಶ್ರಮಪಟ್ಟು ಸಂಪಾದಿಸಿದ್ದರು. 1855ರ ಸುಮಾರಿಗೆ, ತಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಗಾಲಿಬರಲ್ಲಿ ಅದಕ್ಕೊಂದು ತಕ್ರೀಝ್ ಕೇಳಿದರು. ಗಾಲಿಬ್ ಫಾರ್ಸಿ ಪದ್ಯದಲ್ಲಿ ಬರೆದುಕೊಟ್ಟರು; ಆದರೆ ಹೊಗಳಲಿಲ್ಲ. ಹಡಗು ಹಬೆಯಿಂದ ಓಡುತ್ತಿದೆ, ಸುದ್ದಿ ತಂತಿಯಲ್ಲಿ ಹಾರುತ್ತಿದೆ. ಇಂಥ ಕಾಲದಲ್ಲಿ ಹಳೆಯ ಆಡಳಿತದ ಕೈಪಿಡಿಗೆ ಇಷ್ಟೊಂದು ಬೆವರು ಸುರಿಸಬೇಕೇ ಎಂಬುದು ಅದರ ತಾತ್ಪರ್ಯ. ಸಯ್ಯದ್ ಅದನ್ನು ಪುಸ್ತಕದಲ್ಲಿ ಸೇರಿಸಲಿಲ್ಲ.

ಈ ಪದ್ಯದಲ್ಲಿ ದೋಷವಿಲ್ಲವೆಂದಲ್ಲ. ಹಳೆಯ ಗ್ರಂಥವನ್ನು ಉಳಿಸುವುದೂ ಒಂದು ಕೆಲಸವೇ. ಇಂಗ್ಲಿಷರ ಯಂತ್ರಗಳನ್ನು ಮೆಚ್ಚಿದ ಗಾಲಿಬ್, ಆ ಯಂತ್ರದ ಹಿಂದಿರುವ ಅಧಿಕಾರವನ್ನು ಪ್ರಶ್ನಿಸಲಿಲ್ಲ. ಎರಡೇ ವರ್ಷಗಳಲ್ಲಿ, 1857ರಲ್ಲಿ, ದಿಲ್ಲಿ ಹಾಳಾದುದನ್ನು ಅವರೇ ನೋಡಬೇಕಾಯಿತು. ಆದರೂ ಆ ಪದ್ಯ ದೊಡ್ಡದು. ಗಾಲಿಬ್ ಭಿನ್ನಾಭಿಪ್ರಾಯವನ್ನು ಕಾರಣ ಸಮೇತ ಮುಂದಿಟ್ಟು, ತೀರ್ಮಾನವನ್ನು ಕಿರಿಯನಿಗೇ ಬಿಟ್ಟರು. ಸಯ್ಯದ್ 1864ರಲ್ಲಿ ವಿಜ್ಞಾನ ಸಂಘವನ್ನೂ 1875ರಲ್ಲಿ ಅಲಿಗಢದ ವಿದ್ಯಾಸಂಸ್ಥೆಯನ್ನೂ ಕಟ್ಟಿದ್ದಕ್ಕೆ ಈ ಪದ್ಯವೇ ಕಾರಣವೆನ್ನಲಾಗದು. ಅವರು ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿದರು.

ಮುಂದೆ ಅದೇ ಸರ್ ಸಯ್ಯದರ ಬಳಿಗೆ ಮೌಲವಿ ಮುಮ್ತಾಝ್ ಅಲಿ ಹಸ್ತಪ್ರತಿಯೊಂದನ್ನು ತಂದರು. ಅದು ಸ್ತ್ರೀಯರ ಹಕ್ಕುಗಳ ಕುರಿತ ‘ಹುಕೂಕೆ ನಿಸ್ವಾನ್’. ಮುಮ್ತಾಝ್ ಅಲಿ ಹೇಳಿಕೊಂಡಿರುವಂತೆ, ಓದುತ್ತ ಓದುತ್ತ ಸರ್ ಸಯ್ಯದರ ಮುಖ ಕೆಂಪೇರಿತು. ಅದನ್ನು ಹರಿದು ಕಸದ ಬುಟ್ಟಿಗೆ ಹಾಕಿದರು. ಕಿರಿಯ ಅದನ್ನು ಬುಟ್ಟಿಯಿಂದ ಎತ್ತಿಕೊಂಡ. ಸರ್ ಸಯ್ಯದ್ ತೀರಿಕೊಂಡ 1898ರಲ್ಲೇ ಪುಸ್ತಕ ಅಚ್ಚಾಯಿತು. ಅದೇ ವರ್ಷ ಲಾಹೋರಿನಲ್ಲಿ ಮುಮ್ತಾಝ್ ಅಲಿಯವರ ಪತ್ನಿ ಮುಹಮ್ಮದಿ ಬೇಗಮರ ಸಂಪಾದಕತ್ವದಲ್ಲಿ ಮಹಿಳೆಯರ ವಾರಪತ್ರಿಕೆ ‘ತಹ್ಝೀಬೆ ನಿಸ್ವಾನ್’ ಹೊರಬಂತು.

ಒಂದು ಸಮುದಾಯಕ್ಕೆ ಯೋಚಿಸಲು ಕಲಿಸಿದ ನಾಯಕನಿಗೂ, ತಾನು ಯೋಚಿಸದ ದಿಕ್ಕಿನಲ್ಲಿ ಕಿರಿಯರು ಯೋಚಿಸಿದಾಗ ಸಹಿಸಲಾಗಲಿಲ್ಲ. ಇದನ್ನು ಹೇಳಿದರೆ ಸರ್ ಸಯ್ಯದರ ಹಿರಿಮೆಗೆ ಕುಂದಾಗದು. ನಮ್ಮ ಜಮಾಅತಿನ ಹಿರಿಯರು, ಸಂಪಾದಕರು, ಮುನ್ನುಡಿಕಾರರಾದ ನಾವೆಲ್ಲ ಕೇಳಿಕೊಳ್ಳಬೇಕಾದದ್ದು ಇಷ್ಟೆ: ಕಿರಿಯರ ಬರಹಕ್ಕೆ ನಾವು ಗಾಲಿಬರಂತೆ ಉತ್ತರ ಕೊಡುತ್ತಿದ್ದೇವೆಯೇ, ಅಥವಾ ಬುಟ್ಟಿ ತೋರಿಸುತ್ತಿದ್ದೇವೆಯೇ? ಓದದೆ ಹೊಗಳುವುದೂ ಒಂದು ಬಗೆಯಲ್ಲಿ ಬುಟ್ಟಿಗೆ ಹಾಕಿದಂತೆಯೇ.