ಅಕ್ಷರ ಕೂಡಿದರೆ ಸಾಕೆ?

ಕಳೆದ ತಿಂಗಳು ಬನಹಟ್ಟಿಯ ನಂಟರ ಮನೆಗೆ ಹೋಗಿದ್ದೆ. ಒಳಗಡೆ ಮಗ್ಗದ ಸದ್ದು. ಪಡಸಾಲೆಯಲ್ಲಿ ಡಿಗ್ರಿ ಓದುವ ಹುಡುಗಿ ಮೊಬೈಲಿನಲ್ಲಿ ಇಂಗ್ಲಿಷ್ ಪದಗಳ ಆಟ ಆಡುತ್ತಿದ್ದಳು. ಏಳು ಅಕ್ಷರ ಕೊಟ್ಟಿರುತ್ತಾರೆ, ಅವುಗಳಿಂದ ಎಷ್ಟು ಪದ ಕಟ್ಟಿದರೆ ಅಷ್ಟು ಅಂಕ. ತೋಚದೆ ಹೋದಾಗ ಅವಳು ಇನ್ನೊಂದು ಪುಟ ತೆರೆದು ಆ ಏಳು ಅಕ್ಷರ ಒತ್ತುತ್ತಿದ್ದಳು. ಕಣ್ಣು ಮಿಟುಕಿಸುವುದರೊಳಗೆ ಪದಗಳ ಪಟ್ಟಿ ಬಂದು ನಿಲ್ಲುತ್ತಿತ್ತು. ಒಂದು ಪದದ ಮೇಲೆ ಬೆರಳಿಟ್ಟು, “ಇದರ ಅರ್ಥ ಏನವ್ವಾ?” ಎಂದೆ.

“ಅರ್ಥ ಯಾರಿಗೆ ಬೇಕ್ರೀ ಕಾಕಾ? ಅಕ್ಷರ ಕೂಡಿದ್ರ ಸಾಕು, ಪಾಯಿಂಟ್ ಬರ್ತಾವ” ಎಂದಳು.

ಅವಳ ಮಾತು ತಪ್ಪಲ್ಲ. ಆ ಯಂತ್ರಕ್ಕೂ ಅರ್ಥ ಬೇಕಿಲ್ಲ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಜೋಡಿಸಿಟ್ಟುಕೊಂಡರೆ ಕೆಲಸ ಮುಗಿಯಿತು. ಟೀ, ಈಟ್, ಏಟ್ ಮೂರೂ ಎ-ಇ-ಟಿ ಎಂಬ ಒಂದೇ ಗೂಡಿಗೆ ಬಂದು ಬೀಳುತ್ತವೆ. ಕುಡಿಯುವ ಚಹಾ ಯಾವುದು, ತಿಂದದ್ದು ಯಾವುದು ಎಂದು ಗೂಡು ಕೇಳುವುದಿಲ್ಲ. ಮನುಷ್ಯರಲ್ಲೂ ಇಂಥವರಿದ್ದಾರೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬ ಸ್ಕ್ರ್ಯಾಬಲ್ ಆಟಗಾರ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಪಂದ್ಯ ಗೆದ್ದ. ಅವನಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಪದಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದ, ಅಷ್ಟೆ.

“ನಮ್ಮ ಕನ್ನಡದಾಗ ಇಂಥಾ ಆಟ ಇಲ್ಲಲ್ರೀ” ಎಂದಳು ಹುಡುಗಿ. ನನಗೆ ನೆನಪಾದವನು ಅಲ್ಲೇ ಬಸ್ಸು ಹತ್ತಿದರೆ ಸಿಗುವ ಮುಧೋಳದವನು. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ.

ಹಳಗನ್ನಡದ ಕವಿಗೆ ಅಕ್ಷರ ಹುಡುಕುವುದು ಆಟವಾಗಿರಲಿಲ್ಲ, ಕಟ್ಟಳೆಯಾಗಿತ್ತು. ಪದ್ಯದ ಮೊದಲ ಸಾಲಿನ ಎರಡನೆಯ ಅಕ್ಷರದಲ್ಲಿ ಯಾವ ವ್ಯಂಜನವಿದೆಯೋ ಉಳಿದ ಸಾಲುಗಳ ಎರಡನೆಯ ಅಕ್ಷರದಲ್ಲೂ ಅದೇ ಇರಬೇಕು. ಇದೇ ದ್ವಿತೀಯಾಕ್ಷರ ಪ್ರಾಸ. ಸ್ವರ ಬದಲಾಗಬಹುದು: ಡ, ಡಿ, ಡೆ ಎಲ್ಲವೂ ಒಂದೇ ಲೆಕ್ಕ. ಆದರೆ ಅದರ ಹಿಂದಿನ ಅಕ್ಷರದ ಮೇಲೂ ಕಾವಲಿದೆ. ಅದು ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಅನುಸ್ವಾರ, ವಿಸರ್ಗ, ಒತ್ತಕ್ಷರಗಳನ್ನು ಹಿಡಿದು ವೃಷಭ, ಅಜ, ಶರಭ, ಹಯ. ಒಂದರ ಜೊತೆ ಇನ್ನೊಂದನ್ನು ಬೆರೆಸುವಂತಿಲ್ಲ. ಇಂಗ್ಲಿಷ್ ಆಟಕ್ಕಿಂತ ಇದು ಬಿಗಿ. ಮೇಲಾಗಿ ಕೈಯಲ್ಲಿ ಪಟ್ಟಿ ಇಲ್ಲ, ಕಿವಿಯೊಂದೇ ಆಸರೆ.

ನಮ್ಮ ವಿಮರ್ಶೆ ಪ್ರಾಸವನ್ನು ಶಬ್ದಾಲಂಕಾರವೆಂದು ಕರೆದು ಪಕ್ಕಕ್ಕಿಟ್ಟಿದೆ. ಕಥೆ ಮೊದಲು, ಪ್ರಾಸ ಆಮೇಲೆ ಹೊದಿಸಿದ ಜರಿ ಎಂಬಂತೆ. ಗದಾಯುದ್ಧವನ್ನು ಓದುವಾಗ ನನಗೆ ಹಾಗನ್ನಿಸುವುದಿಲ್ಲ. ಆ ಕಾವ್ಯದ ಗುರಿ ದುರ್ಯೋಧನನ ತೊಡೆ. ‘ತೊಡೆ’ ಎಂದು ಸಾಲು ಶುರುವಾದರೆ ಕವಿಯ ಕಿವಿ ಹ್ರಸ್ವದ ಮುಂದೆ ಡಕಾರವಿರುವ ಪದಗಳನ್ನು ಕರೆಯಬೇಕು. ಯಾವುವು ಬರುತ್ತವೆ ನೋಡಿ. ಮುಡಿ: ದ್ರೌಪದಿ ಕಟ್ಟದೆ ಬಿಟ್ಟದ್ದು. ನುಡಿ: ಭೀಮ ಕೊಟ್ಟದ್ದು. ಪಡೆ: ದುರ್ಯೋಧನ ಕಳೆದುಕೊಂಡದ್ದು. ಕಿಡಿ, ಸಿಡಿಲು, ಕಡೆ. ಕೊನೆಗೆ ಉಡಿ, ಅಂದರೆ ಮುರಿ. ಇವೆಲ್ಲ ಒಂದೇ ಪದ್ಯದಲ್ಲಿ ಕೂತಿವೆ ಎನ್ನುತ್ತಿಲ್ಲ. ಕನ್ನಡದ ಕಿವಿಯಲ್ಲಿ ಇವು ಮೊದಲೇ ನೆರೆಹೊರೆಯವರು ಎನ್ನುತ್ತಿದ್ದೇನೆ. ಅಕ್ಷರ ಹುಡುಕಲು ಹೊರಟವನಿಗೆ ಕಥೆಯೇ ಎದುರಾಗುತ್ತದೆ. ರಿಚರ್ಡ್ಸನಿಗೂ ರನ್ನನಿಗೂ ಇರುವ ವ್ಯತ್ಯಾಸ ಇದು.

ಹಾಗೆಂದು ಪ್ರಾಸದ ಪರ ವಕಾಲತ್ತು ಹಾಕುತ್ತಿಲ್ಲ. ಚಂಪೂ ಕಾವ್ಯಗಳ ಪುರವರ್ಣನೆ, ಸೂರ್ಯೋದಯಗಳಲ್ಲಿ ಎಷ್ಟೋ ಪದಗಳು ಬರೀ ಜಾಗ ತುಂಬಲು ಬಂದಿವೆ. ಅಲ್ಲಿ ಕವಿಯೂ ನಮ್ಮ ಹುಡುಗಿಯಂತೆ ಪಾಯಿಂಟಿಗಾಗಿ ಆಡಿದ್ದಾನೆ. ರನ್ನನೂ ಇದಕ್ಕೆ ಹೊರತಲ್ಲ. ಉದ್ದ ಸಮಾಸಗಳಲ್ಲಿ ಅವನ ಪ್ರಾಸ ನನಗೆ ದಣಿವು ತರುತ್ತದೆ. ಸತ್ತವರ ನಡುವೆ ನಡೆಯುವ ದುರ್ಯೋಧನ ಕರ್ಣನಿಗಾಗಿ, ದುಶ್ಶಾಸನನಿಗಾಗಿ ಅಳುವಾಗ ಪದಗಳು ಗಿಡ್ಡವಾಗುತ್ತವೆ, ಮನೆಮಾತಾಗುತ್ತವೆ. ಆಗ ಪ್ರಾಸ ಕಣ್ಣಿಗೆ ಬೀಳುವುದೇ ಇಲ್ಲ. ಪದ ಬಂದದ್ದು ಅಕ್ಷರದ ಕರೆಗೋ ದುಃಖದ ಕರೆಗೋ ಹೇಳಲಾಗದು. ಪ್ರಾಸವನ್ನು ತೂಗುವ ಕಲ್ಲು ನನಗೆ ಇದೇ.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸವನ್ನು ಬಿಟ್ಟು ಬರೆದರು. ಆ ಬಿಡುಗಡೆ ಬೇಕಿತ್ತು. ಹೊಸ ಕನ್ನಡ ಕಾವ್ಯ ಅಲ್ಲಿಂದ ಉಸಿರಾಡಿತು. ಆದರೆ ಕಟ್ಟಳೆ ಹೋದ ಮೇಲೆ ಕಿವಿಯ ಆ ಹುಡುಕಾಟವೂ ಹೋಯಿತೆ? ಪುಸ್ತಕದಿಂದ ಹೋಗಿರಬಹುದು. ಜಮಖಂಡಿ, ಬೀಳಗಿ ಕಡೆಯ ಮದುವೆ ಮನೆಗಳಲ್ಲಿ ಅದು ಒಡಪಿನ ರೂಪದಲ್ಲಿ ಉಳಿದುಕೊಂಡಿದೆ. ಗಂಡನ ಹೆಸರು ಹೇಳಲು ಹಟ ಹಿಡಿದವರ ಮುಂದೆ ಹೆಣ್ಣುಮಗಳು ಆ ಹೆಸರಿಗೆ ಕೂಡುವ ಅಕ್ಷರವನ್ನು ನಿಂತಲ್ಲೇ ಹುಡುಕಬೇಕು. ಹೆಸರು ಈರಪ್ಪ ಎಂದಿಟ್ಟುಕೊಳ್ಳಿ. ತಿಳಿಯಲಿ ಎಂದು ನಾನೇ ಒಂದು ಕಟ್ಟುತ್ತೇನೆ: “ಬಾಗಲ ಮುಂದ ಹಾಕ್ಯಾರ ಹಸರ ಚಪ್ಪರ, ಮನಿ ಬೆಳಗಾಕ ಬಂದೀನಿ, ಹೇಣ್ತಿ ನಾ ಈರಪ್ಪರ.” ಪ್ರಾಸ ಎರಡನೆಯ ಅಕ್ಷರದಿಂದ ಸಾಲಿನ ಕೊನೆಗೆ ಸರಿದಿದೆ. ಚಪ್ಪರ ಬಂದದ್ದು ‘ಪ್ಪರ’ಕ್ಕಾಗಿಯೇ, ಆದರೆ ಚಪ್ಪರ ಇಲ್ಲದೆ ಮದುವೆಯೂ ಇಲ್ಲ.

ರನ್ನನ ಹೆಸರಿನಲ್ಲಿ ‘ರನ್ನಕಂದ’ ಎಂಬ ನಿಘಂಟಿನ ಕೆಲವು ಪದ್ಯಗಳೂ ಉಳಿದಿವೆ. ಅಕ್ಷರಕ್ಕಾಗಿ ಪದ ಹುಡುಕಿದವನ ಹೆಸರಿನಲ್ಲೇ ಪದಕ್ಕೆ ಅರ್ಥ ಹೇಳುವ ಕೃತಿಯೂ ಇದೆ ಎಂಬುದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ.

ಹುಡುಗಿಯ ಕೈಗೆ ಕಾಗದ ಕೊಟ್ಟು ‘ತೊಡೆ’ ಎಂದು ಬರೆಸಿದೆ. ಮುಂದಿನದನ್ನು ನೀನೇ ತುಂಬು ಎಂದೆ. ಗಡಿ, ಮಡಿ, ಕುಡಿ ಎಂದು ಬರೆಯುತ್ತ ಹೋದಳು. ಅಡುಗೆಮನೆಯಿಂದ ಅವಳಜ್ಜಿ, “ಉಡಿ ಬರಿ” ಎಂದು ಕೂಗಿದಳು. ಹಸಿರು ಖಣ, ಅಕ್ಕಿ, ಕೊಬ್ಬರಿ ಇಟ್ಟು ತುಂಬುವ ಉಡಿ. ಹಳೆಯ ಕನ್ನಡದಲ್ಲಿ ಉಡಿ ಎಂದರೆ ಮುರಿಯುವುದು ಅಂತಲೂ ಇದೆ, ಭೀಮ ದುರ್ಯೋಧನನ ತೊಡೆಗೆ ಮಾಡಿದ್ದು ಅದನ್ನೇ ಎಂದೆ.

ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. “ತುಂಬೂದಕ್ಕೂ ಉಡಿ, ಮುರಿಯೂದಕ್ಕೂ ಉಡಿ? ಅದ್ಹೆಂಗ್ರೀ ಕಾಕಾ?”

ಮೊಬೈಲು ಪಕ್ಕದಲ್ಲಿ ಆರಿತ್ತು.