ಅರವತ್ತೊಂಬತ್ತರ ನಂತರ ಎಷ್ಟು?

ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1909ರಲ್ಲಿ ಹೊರತಂದ ಸ್ಕೋಫೀಲ್ಡ್ ರೆಫರೆನ್ಸ್ ಬೈಬಲ್ ಹೆಸರು ಮಾಡಿದ್ದು ಪ್ರವಾದನೆಯನ್ನು ಅಕ್ಷರಶಃ ಓದುತ್ತದೆ ಎಂಬ ಕಾರಣಕ್ಕೆ. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯನ್ನು ಸಂಕೇತವೆಂದ ಅಗಸ್ಟೀನನ ಪರಂಪರೆ ಜಾರಿಕೊಂಡಿತು, ಈ ಓದನ್ನು ರೂಪಿಸಿದ ಡಾರ್ಬಿ, ಹರಡಿದ ಸ್ಕೋಫೀಲ್ಡರು ಮಾತ್ರ ಬರೆದದ್ದನ್ನು ಬರೆದಂತೆ ನಂಬಿದರು ಎನ್ನುತ್ತಾರೆ ಅಭಿಮಾನಿಗಳು. ವಿರೋಧಿಗಳೂ ಇದನ್ನು ಒಪ್ಪಿಕೊಂಡೇ ಅಕ್ಷರಮೋಹವನ್ನು ಬಯ್ಯುತ್ತಾರೆ. ದಾನಿಯೇಲನ ಒಂಬತ್ತನೆಯ ಅಧ್ಯಾಯದ ಕೊನೆಯ ನಾಲ್ಕು ವಚನಗಳನ್ನು ಇಬ್ಬರೂ ಎಣಿಸಿ ನೋಡಿದಂತಿಲ್ಲ.

ಅಲ್ಲಿರುವುದು ಎಪ್ಪತ್ತು ವಾರಗಳು. ವಾರಕ್ಕೆ ಏಳು ವರ್ಷ ಹಿಡಿದರೆ 490 ವರ್ಷ. ಏಳು, ಅರವತ್ತೆರಡು, ಒಂದು ಎಂದು ವಚನವೇ ಪಾಲು ಮಾಡಿದೆ. ಸ್ಕೋಫೀಲ್ಡ್ ಪದ್ಧತಿ ಮೊದಲ ಅರವತ್ತೊಂಬತ್ತನ್ನು ಬಿಡುವಿಲ್ಲದೆ ಕ್ರಿಸ್ತನವರೆಗೆ ಎಣಿಸುತ್ತದೆ. ಮುಂದೆ ಸ್ಕಾಟ್‌ಲೆಂಡ್ ಯಾರ್ಡಿನ ಹಿರಿಯ ಅಧಿಕಾರಿಯಾದ ರಾಬರ್ಟ್ ಆಂಡರ್ಸನ್ ಅಂತೂ 360 ದಿನಗಳ ವರ್ಷ ಹಿಡಿದು 1,73,880 ದಿನಗಳೆಂದು ಲೆಕ್ಕ ಒಪ್ಪಿಸಿದ್ದ. (ಪತ್ತೇದಾರಿಗೆ ತಕ್ಕ ಚೊಕ್ಕತನ!) ಎಪ್ಪತ್ತನೆಯದು ಬರುತ್ತಲೇ ಎಣಿಕೆ ನಿಲ್ಲುತ್ತದೆ. ಕ್ರೈಸ್ತ ಸಭೆಯ ಯುಗವಿಡೀ ಆ ಸಂದಿಗೆ ಸೇರುತ್ತದೆ; ಸಭೆ ಪರಲೋಕಕ್ಕೆ ಎತ್ತಲ್ಪಟ್ಟ ಮೇಲೆ, ಕ್ರಿಸ್ತವಿರೋಧಿಯ ಏಳು ವರ್ಷಗಳಾಗಿ ಕೊನೆಯ ವಾರ ಬರುತ್ತದಂತೆ. ವಚನದಲ್ಲಿ ಇಂಥ ಸಂದಿಯ ಸುಳಿವೂ ಇಲ್ಲ. ಅದೇ ಅಧ್ಯಾಯದ ಆರಂಭದಲ್ಲಿ ದಾನಿಯೇಲ ಯೆರೆಮೀಯನ ಎಪ್ಪತ್ತು ವರ್ಷಗಳನ್ನು ಓದಿ, ಅವಧಿ ತೀರುತ್ತ ಬಂತೆಂದೇ ಪ್ರಾರ್ಥನೆಗೆ ಕೂರುತ್ತಾನೆ. ಆ ಎಪ್ಪತ್ತನ್ನು ಯಾರೂ ನಡುವೆ ಸೀಳುವುದಿಲ್ಲ. ಈ ಎಪ್ಪತ್ತನ್ನು ಮಾತ್ರ ಸೀಳಿ, ಅದಕ್ಕೆ ಅಕ್ಷರನಿಷ್ಠೆ ಎಂದು ಹೆಸರಿಡುತ್ತಾರೆ.

ನಜರೇತಿನಲ್ಲಿ ಯೇಸು ಯೆಶಾಯನ ವಚನವನ್ನು ಅರ್ಧಕ್ಕೆ ನಿಲ್ಲಿಸಿ ಮುಯ್ಯಿ ತೀರಿಸುವ ದಿನದ ಮಾತನ್ನು ಓದಲಿಲ್ಲವಲ್ಲ, ಪ್ರವಾದನೆಯೊಳಗೆ ಬಿಡುವು ಇರುವುದಕ್ಕೆ ಅದೇ ಸಾಕ್ಷಿ ಎಂಬುದು ಸಮರ್ಥಕರ ವಾದ. ಆದರೆ ಯೆಶಾಯನಲ್ಲಿ ಎಣಿಸಿಕೊಟ್ಟ ಅವಧಿಯೇ ಇಲ್ಲ. ಎರಡು ಘಟನೆಗಳ ನಡುವೆ ಎಷ್ಟು ಕಾಲವಾದರೂ ಹಾಯಬಹುದು. ಎಣಿಸಿಟ್ಟ ವರ್ಷಗಳ ನಡುವೆ ಹಾಯಿಸಿದರೆ ಎಣಿಕೆಯೇ ಸುಳ್ಳಾಗುತ್ತದೆ. ದಾನಿಯೇಲನಲ್ಲಿ ಅಭಿಷಿಕ್ತನ ಮರಣದ ಬೆನ್ನಿಗೆ ಯೆರೂಸಲೇಮ್ ಪಟ್ಟಣದ ನಾಶವೂ ಹೇಳಿರುವುದರಿಂದ ಕ್ರಿ.ಶ. 70ರವರೆಗಾದರೂ ಬಿಡುವು ಬೇಕೆಂಬ ಮಾತಿಗೆ ತೂಕವಿದೆ. ಆದರೆ ಅದರಿಂದ ಸಿಗುವುದು ಸುಮಾರು ನಲವತ್ತು ವರ್ಷ, ಎರಡು ಸಾವಿರವಲ್ಲ. ವಚನವನ್ನು ಕ್ರಿಸ್ತನಿಗಿಂತ ಹಿಂದೆ ಯೆಹೂದ್ಯರನ್ನು ಪೀಡಿಸಿದ ಅರಸ ಅಂತಿಯೋಖನ ಕಾಲಕ್ಕೆ ಅನ್ವಯಿಸುವವರ ಲೆಕ್ಕವೂ ಹಲವು ದಶಕ ತಪ್ಪುತ್ತದೆ, ಒಪ್ಪೋಣ; ಅವರಲ್ಲಿ ಹೆಚ್ಚಿನವರು ಆ ಸಂಖ್ಯೆಯನ್ನು ದಿನಗಣನೆಯೆಂದು ಮಾರುವುದಿಲ್ಲ.

ಈ ಪದ್ಧತಿಯಲ್ಲೇ ಇದ್ದು ಹೊರಬಂದ ಫಿಲಿಪ್ ಮಾರೊ 1920ರ ದಶಕದಲ್ಲೇ ಹಿಡಿದದ್ದು ಇದೇ ಎಣಿಕೆಯನ್ನು. ಈಗಿನ ವಿಮರ್ಶಕರಿಗೆ ಅವನು ಬೇಡ, ಇದೇ ಪದ್ಧತಿಯ ಜನಪ್ರಿಯ ಲೇಖಕ ಹ್ಯಾಲ್ ಲಿಂಡ್ಸೆ ಸಾಕು: 1970ರ ಪುಸ್ತಕದಲ್ಲಿ ಆತ ಇಸ್ರೇಲ್ ಸ್ಥಾಪನೆಯಾದ 1948ಕ್ಕೆ ನಲವತ್ತು ವರ್ಷ ಕೂಡಿಸಿ ಅಂತ್ಯಕಾಲವನ್ನು ಸೂಚಿಸಿದ್ದನ್ನು ನೆನೆದು ನಗುತ್ತಾರೆ. 1988 ಕಳೆದರೂ ಪದ್ಧತಿಗೆ ಏನೂ ಆಗಲಿಲ್ಲ. ಉದ್ದವನ್ನೇ ಹೇಳದ ಸಂದಿಗೆ ಇನ್ನಷ್ಟು ದಶಕ ಸೇರಿಸಲು ಯಾವ ವಚನವೂ ಅಡ್ಡಬರುವುದಿಲ್ಲ.