ನಡುರಾತ್ರಿಗೆ ಅಟ್, ದಿನಕ್ಕೆ ಆನ್, ವರ್ಷಕ್ಕೆ ಇನ್

ಭಾರತಕ್ಕೆ ಸ್ವಾತಂತ್ರ್ಯ ಬಂದ ಗಳಿಗೆಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಮಧ್ಯರಾತ್ರಿ ಎನ್ನುವಾಗ ‘ಅಟ್’ ಬೇಕು, ಆಗಸ್ಟ್ 15 ಎನ್ನುವಾಗ ‘ಆನ್’ ಬೇಕು, ಬರೀ 1947 ಎಂದರೆ ‘ಇನ್’ ಬೇಕು. ಲ್ಯಾರಿ ಕಾಲಿನ್ಸ್ ಮತ್ತು ಡೊಮಿನಿಕ್ ಲಾಪಿಯೇರ್ ಆ ದಿನಗಳ ಬಗ್ಗೆ ಬರೆದು 1975ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು ‘ಫ್ರೀಡಂ ಅಟ್ ಮಿಡ್‌ನೈಟ್’. ಆ ಹೆಸರಿನ ಬಿಗಿಯೆಲ್ಲ ನಡುವಿನ ಎರಡಕ್ಷರದಲ್ಲಿದೆ. ಗಡಿಯಾರ ಹನ್ನೆರಡು ಹೊಡೆದ ಕ್ಷಣವೇ ಅದರೊಳಗೆ ಕೇಳಿಸುತ್ತದೆ.

ಘಟನೆ ಒಂದೇ ಆದರೂ ಪದ ಮೂರು, ಏಕೆಂದರೆ ನೋಡುವ ದೂರ ಮೂರು. ‘ಅಟ್’ ಕಾಲವನ್ನು ಚುಕ್ಕಿಯಾಗಿ ಕಾಣುತ್ತದೆ: ಅಟ್ ಫೈವ್, ಅಟ್ ನೂನ್, ಅಟ್ ಸನ್‌ಸೆಟ್. ‘ಆನ್’ ಒಂದು ಹಗಲು-ರಾತ್ರಿಯ ಮೇಲೆ ಕಾಲೂರಿ ನಿಲ್ಲುತ್ತದೆ: ಆನ್ ಮಂಡೇ, ಆನ್ ಮೈ ಬರ್ತ್‌ಡೇ. ‘ಇನ್’ ದೂರ ಸರಿದು ಇಡೀ ಆವರಣವನ್ನೇ ತೋರಿಸುತ್ತದೆ. ತಿಂಗಳು, ಋತು, ವರ್ಷ, ಶತಮಾನ ಎಲ್ಲವೂ ಅದರ ಒಳಗೆ. ಬಾಗಿಲ ಬಳಿ ನಿಂತವರಿಗೆ ಅಟ್, ಮೇಜಿನ ಮೇಲಿಟ್ಟ ಪುಸ್ತಕಕ್ಕೆ ಆನ್, ಕೋಣೆಯೊಳಗೆ ಕೂತವರಿಗೆ ಇನ್ ಎನ್ನುವ ಭಾಷೆ ಜಾಗಕ್ಕೆ ದುಡಿಯುವ ಪದಗಳನ್ನೇ ಕಾಲಕ್ಕೂ ದುಡಿಸಿದೆ. ಕಣ್ಣಿಗೆ ಕಾಣದ ಕಾಲಕ್ಕೆ ಬಳಿ, ಮೇಲೆ, ಒಳಗೆ ಎಂಬ ಆಕಾರ ಬಂದದ್ದು ಹೀಗೆ.

ಕನ್ನಡಿಗರಿಗೆ ಇದು ಪರಕೀಯವೇ? ನಮ್ಮದೇ ವಾಕ್ಯವನ್ನು ಕೇಳಿಸಿಕೊಳ್ಳಿ: ಹನ್ನೆರಡು ಗಂಟೆಗೆ, 15ರಂದು, 1947ರಲ್ಲಿ. ‘ಗೆ’, ‘ಅಂದು’, ‘ಅಲ್ಲಿ’ – ಚುಕ್ಕಿ, ದಿನ, ಆವರಣ. ಇಂಗ್ಲಿಷಿನ ಮೂರಕ್ಕೆ ಕನ್ನಡದ ಮೂರು ಎದುರಾಗಿ ನಿಂತಿವೆ. ನಾವು ವರ್ಷದಿಂದ ತಿಂಗಳಿಗೆ, ತಿಂಗಳಿಂದ ದಿನಕ್ಕೆ, ದಿನದಿಂದ ಗಳಿಗೆಗೆ ಇಳಿಯುತ್ತೇವೆ. ಇಂಗ್ಲಿಷ್ ಬಹುಮಟ್ಟಿಗೆ ಗಳಿಗೆಯಿಂದ ಹೊರಟು ವರ್ಷಕ್ಕೆ ಏರುತ್ತದೆ. ನಾವು ಪದದ ಹಿಂದೆ ಅಂಟಿಸುವುದನ್ನು ಅವರು ಮುಂದೆ ಇಡುತ್ತಾರೆ. ಹಬ್ಬದ ಮಾತಿನಲ್ಲೂ ಈ ನಂಟು ಕಾಣುತ್ತದೆ. ಕ್ರಿಸ್‌ಮಸ್ ಹೊತ್ತಿನ ಸಡಗರದ ದಿನಗಳನ್ನೆಲ್ಲ ಒಟ್ಟಿಗೆ ಹಿಡಿದು ‘ಅಟ್ ಕ್ರಿಸ್‌ಮಸ್’ ಎನ್ನುತ್ತಾರೆ, ಡಿಸೆಂಬರ್ 25 ಎಂಬ ಒಂದು ದಿನಕ್ಕೆ ‘ಆನ್ ಕ್ರಿಸ್‌ಮಸ್ ಡೇ’. ನಾವೂ ‘ದಸರೆಗೆ ಬನ್ನಿ’ ಎಂದು ಕರೆಯುತ್ತೇವೆ, ‘ವಿಜಯದಶಮಿಯಂದು ಮೆರವಣಿಗೆ’ ಎಂದು ತಿಳಿಸುತ್ತೇವೆ.

ಈ ಮೂರು ಪದಗಳ ಚೆಲುವು ಪೂರ್ತಿ ಬಿಚ್ಚಿಕೊಳ್ಳುವುದು ರಾತ್ರಿಯ ಹತ್ತಿರ ಬಂದಾಗ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗಳಿಗೆ ‘ಇನ್’ ಕೊಟ್ಟ ಇಂಗ್ಲಿಷ್ ರಾತ್ರಿಗೆ ಮಾತ್ರ ‘ಅಟ್ ನೈಟ್’ ಎನ್ನುತ್ತದೆ. ಹಗಲಿನಲ್ಲಿ ನೂರು ಕೆಲಸ, ಅದಕ್ಕೆ ಒಳಗು ಬೇಕು. ನಿದ್ದೆಯಲ್ಲಿ ಕಳೆಯುವ ರಾತ್ರಿ ಒಂದೇ ಚುಕ್ಕಿಯಾಗಿ ಉಳಿಯಿತು ಎಂದು ಇದಕ್ಕೆ ಅರ್ಥ ಹೇಳುವವರಿದ್ದಾರೆ. ಅದು ಹೇಗೇ ಇರಲಿ, ‘ಇನ್ ದ ನೈಟ್’ ಎಂಬುದೂ ಸರಿಯಾದ ಇಂಗ್ಲಿಷೇ. ಮಗು ರಾತ್ರಿ ಎರಡು ಸಲ ಎದ್ದು ಅತ್ತಿತು ಎನ್ನುವ ತಾಯಿಗೆ ಬೇಕಾದದ್ದು ಅದೇ. ಆ ರಾತ್ರಿಯ ಉದ್ದಗಲವನ್ನು ಆಕೆ ಎಚ್ಚರದಲ್ಲೇ ಅಳೆದಿದ್ದಾಳೆ, ಆಕೆಗೆ ಅದು ಚುಕ್ಕಿಯಾಗಿ ಉಳಿದಿಲ್ಲ. ಮದುವೆಯ ಹಿಂದಿನ ರಾತ್ರಿ, ಬಿರುಗಾಳಿ ಎದ್ದ ರಾತ್ರಿ ಎಂದು ಒಂದನ್ನೇ ಬೊಟ್ಟು ಮಾಡಿದರೆ ‘ಆನ್ ದ ನೈಟ್’ ಬರುತ್ತದೆ. ಕತ್ತಲೆ ಅದೇ, ಸದಾ ಬರುವ ರಾತ್ರಿ, ಒಳಹೊಕ್ಕು ಕಳೆದ ರಾತ್ರಿ, ಹೆಸರಿಟ್ಟು ನೆನೆಯುವ ರಾತ್ರಿ ಮಾತ್ರ ಬೇರೆ ಬೇರೆ. ಇಷ್ಟು ಸೂಕ್ಷ್ಮವನ್ನು ಇಷ್ಟು ಚಿಕ್ಕ ಪದಗಳಲ್ಲಿ ಹಿಡಿದಿಟ್ಟ ಭಾಷೆಗೆ ತಲೆದೂಗಬೇಕು.

ಬೆಳಗಿಗೂ ಈ ಭಾಗ್ಯ ಉಂಟು. ಯಾವುದೋ ಬೆಳಗಾದರೆ ‘ಇನ್ ದ ಮಾರ್ನಿಂಗ್’. ಸೋಮವಾರದ ಬೆಳಗು ಎಂದೊಡನೆ ‘ಆನ್ ಮಂಡೇ ಮಾರ್ನಿಂಗ್’. ಹೆಸರು ಹಿಡಿದು ಕರೆದರೆ ‘ಆನ್’ ಓಗೊಡುತ್ತದೆ. ವಾರಾಂತ್ಯದಲ್ಲಿ ಮಾತ್ರ ಇಂಗ್ಲಿಷಿನವರೇ ಎರಡು ಪಾಲಾಗಿದ್ದಾರೆ: ಬ್ರಿಟನ್ನಿನಲ್ಲಿ ‘ಅಟ್ ದ ವೀಕೆಂಡ್’, ಅಮೆರಿಕದಲ್ಲಿ ‘ಆನ್ ದ ವೀಕೆಂಡ್’. ಎರಡೂ ಸರಿ.

ಗಡಿ ಗುರುತಿಸುವ ಪದಗಳದ್ದು ಬೇರೆಯೇ ರುಚಿ. ಅರ್ಜಿಯನ್ನು ಸೋಮವಾರದೊಳಗೆ ಕೊಡಿ ಎನ್ನಲು ‘ಬೈ ಮಂಡೇ’. ಅಂಗಡಿ ಸೋಮವಾರದವರೆಗೆ ತೆರೆದಿರುತ್ತದೆ ಎನ್ನಲು ‘ಅಂಟಿಲ್ ಮಂಡೇ’. ‘ಬೈ’ ಮುಗಿಯಬೇಕಾದ ಕೆಲಸದ ಕಡೆ ನೋಡುತ್ತದೆ, ‘ಅಂಟಿಲ್’ ಮುಂದುವರಿಯುವ ಸ್ಥಿತಿಯ ಕಡೆ. ನಮ್ಮ ‘ಒಳಗೆ’ ಮತ್ತು ‘ವರೆಗೆ’ ಮಾಡುವ ಕೆಲಸವೂ ಇದೇ. ಆದರೆ ‘ಒಂದು ಗಂಟೆಯೊಳಗೆ’ ಎಂದು ಅವಧಿ ಹೇಳುವಾಗಲೂ ನಮಗೆ ‘ಒಳಗೆ’ಯೇ ಸಾಕು, ಇಂಗ್ಲಿಷ್ ಅಲ್ಲಿ ‘ವಿದಿನ್’ ಕೇಳುತ್ತದೆ. ‘ಇನ್ ಆ್ಯನ್ ಅವರ್ ಬರುತ್ತೇನೆ’ ಎಂದವರನ್ನು ಗಂಟೆ ಕಳೆಯುವ ಹೊತ್ತಿಗೆ ಕಾಯಿರಿ. ‘ವಿದಿನ್ ಆ್ಯನ್ ಅವರ್’ ಎಂದವರು ಹತ್ತು ನಿಮಿಷಕ್ಕೇ ಬಂದುಬಿಡಬಹುದು.

ನಮ್ಮವರು ಹೆಚ್ಚಾಗಿ ಎಡವುವುದು ‘ಸಿನ್ಸ್’ ಮತ್ತು ‘ಫಾರ್’ಗಳಲ್ಲಿ. ಅದಕ್ಕೆ ಕಾರಣ ಅಜ್ಞಾನವಲ್ಲ, ತಾಯ್ನುಡಿಯ ಹಿಡಿತ. 2019ರಿಂದ ಇಲ್ಲಿದ್ದೇನೆ, ಐದು ವರ್ಷದಿಂದ ಇಲ್ಲಿದ್ದೇನೆ – ಕನ್ನಡಕ್ಕೆ ಎರಡೂ ಕಡೆ ‘ಇಂದ’ ಒಂದೇ. ಇಂಗ್ಲಿಷ್ ಹೊರಟ ಜಾಗವನ್ನೂ ನಡೆದ ಉದ್ದವನ್ನೂ ಬೇರೆ ಮಾಡುತ್ತದೆ. 2019 ಹೊರಟ ಜಾಗ, ಅದಕ್ಕೆ ‘ಸಿನ್ಸ್’. ಐದು ವರ್ಷ ಉದ್ದ, ಅದಕ್ಕೆ ‘ಫಾರ್’. ‘ಸಿನ್ಸ್ ಫೈವ್ ಇಯರ್ಸ್’ ಕಿವಿಗೆ ಒಗ್ಗದಿರುವುದು ಅದಕ್ಕಾಗಿ. ‘ಡ್ಯೂರಿಂಗ್’ಗೆ ಉದ್ದದ ಲೆಕ್ಕ ಬೇಡ, ಏನು ನಡೆಯುತ್ತಿತ್ತು ಎಂಬುದು ಬೇಕು: ಎರಡು ಗಂಟೆ ಮಳೆ ಬಂತು ಎಂದರೆ ‘ಫಾರ್’, ಆಟದ ನಡುವೆ ಮಳೆ ಬಂತು ಎಂದರೆ ‘ಡ್ಯೂರಿಂಗ್’. ಬಾಳು, ಉಳಿ ಎಂಬ ಅರ್ಥದ ‘ಡ್ಯೂರ್’ ಎಂಬ ಹಳೆಯ ಕ್ರಿಯಾಪದದಿಂದ ಹುಟ್ಟಿದ ಪದ ಅದು. ‘ಎಂಡ್ಯೂರ್’, ‘ಡ್ಯೂರಬಲ್’ ಅದರ ದಾಯಾದಿಗಳು.

ಒಂದೇ ‘ಟೈಮ್’ ಪದದ ಮುಂದೆ ‘ಆನ್’ ಮತ್ತು ‘ಇನ್’ ನಿಲ್ಲುವ ಬಗೆಯನ್ನೂ ಸವಿಯಬೇಕು. ಏಳು ಗಂಟೆಯ ರೈಲು ಏಳಕ್ಕೇ ಬಂದರೆ ‘ಆನ್ ಟೈಮ್’. ಆ ರೈಲು ಹೊರಡುವ ಮುಂಚೆ ಪ್ರಯಾಣಿಕ ಬಂದು ಸೇರಿದರೆ ‘ಇನ್ ಟೈಮ್’. ಮೊದಲನೆಯದು ಶಿಸ್ತು, ಎರಡನೆಯದು ನೆಮ್ಮದಿ.

ಸುಮ್ಮನಿರುವುದನ್ನೂ ಈ ಭಾಷೆ ಬಲ್ಲದು. ‘ಲಾಸ್ಟ್’, ‘ನೆಕ್ಸ್ಟ್’, ‘ದಿಸ್’, ‘ಎವ್ರಿ’ ಬಂದಲ್ಲಿ ಅಟ್, ಆನ್, ಇನ್ ಮೂರೂ ದಾರಿ ಬಿಡುತ್ತವೆ. ‘ಆನ್ ಮಂಡೇ’ ಸರಿ, ‘ಆನ್ ಲಾಸ್ಟ್ ಮಂಡೇ’ ಬೇಡ. ‘ಲಾಸ್ಟ್ ಮಂಡೇ’ ತನ್ನಷ್ಟಕ್ಕೆ ತುಂಬಿದ ಮಾತು.

ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಈ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. ಹೇಳಹೊರಟದ್ದು ಚುಕ್ಕಿಯೋ, ದಿನವೋ, ಆವರಣವೋ, ಗಡಿಯೋ, ಉದ್ದವೋ ಎಂದು ಮೊದಲು ಕೇಳಿ. ಅದಕ್ಕೆ ಕನ್ನಡದಲ್ಲಿ ಏನನ್ನುತ್ತೇವೆ ಎಂದೂ ಕೇಳಿ. ‘ಗೆ’, ‘ಅಂದು’, ‘ಅಲ್ಲಿ’ಗಳ ಸೊಗಸನ್ನು ಬಲ್ಲ ಮಗು ‘ಅಟ್’, ‘ಆನ್’, ‘ಇನ್’ಗಳನ್ನು ಬಹುಬೇಗ ತನ್ನದಾಗಿಸಿಕೊಳ್ಳುತ್ತದೆ.